ಪೇರಲೆ ಎಲೆಯ ನೀರು

ನನ್ನ ಕಾರಿನ ಹಿಂದಿನ ಸೀಟಿನಲ್ಲಿ, ಎಡಗಡೆ, ಮೂರು ವಾರದಿಂದ ಒಂದು ಬೆಲ್ಟು ಕಟ್ಟಿಕೊಂಡೇ ಇದೆ. ಅದರೊಳಗೆ ಯಾರೂ ಕೂತಿಲ್ಲ.

ಬಿಚ್ಚಿದರಾಯ್ತಲ್ಲ, ಅಂತೀರಿ. ಆಯ್ತು. ಒಂದು ಕೆಂಪು ಗುಂಡಿ ಒತ್ತಿದರೆ ಮುಗಿಯಿತು. ಮೂರು ವಾರದಿಂದ ನಾನೂ ಇದನ್ನೇ ಹೇಳಿಕೊಳ್ಳುತ್ತಿದ್ದೇನೆ.

ನನ್ನನ್ನು ಬಲ್ಲ ಓದುಗರಿಗೆ ಗೊತ್ತು, ನಾನು ಇಂಥದ್ದಕ್ಕೆಲ್ಲ ಹೆದರುವ ಪೈಕಿಯಲ್ಲ. ಶಿರಸಿಯ ಮೂರು ದಾರಿ ಕೂಡುವಲ್ಲಿ ಯಾರೋ ದೃಷ್ಟಿ ಇಳಿಸಿ ಇಟ್ಟುಹೋದ ನಿಂಬೆಹಣ್ಣನ್ನು ಮನೆಗೆ ತಂದು, ಶರಬತ್ತು ಮಾಡಿ ಕುಡಿದು, ಅದನ್ನು ಇದೇ ಅಂಕಣದಲ್ಲಿ ಬರೆದು ಹದಿನೈದು ದಿನ ಬೈಸಿಕೊಂಡವಳು. (ಹಣ್ಣು ಚೆನ್ನಾಗಿತ್ತು. ರಸ ಸ್ವಲ್ಪ ಕಡಿಮೆ.) ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ದೆವ್ವ ಇದೆ’ ಎಂಬ ವಿಷಯದ ಪರವಾಗಿ ಒಮ್ಮೆ, ವಿರೋಧವಾಗಿ ಇನ್ನೊಮ್ಮೆ ಮಾತಾಡಿ ಎರಡೂ ಸಲ ಗೆದ್ದವಳು. ಅಂದರೆ ದೆವ್ವದ ಇರವು ಮೈಕ್ ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಂತಿದೆ ಎಂದು ನನಗೆ ಇಪ್ಪತ್ತರ ವಯಸ್ಸಿಗೇ ಗೊತ್ತಿತ್ತು.

ಈ ಸಲ ಮೈಕ್ ನನ್ನ ಕೈಯಲ್ಲಿಲ್ಲ. ಅದೇ ತೊಂದರೆ.

ಮೊದಲು ಗಣಪತಿ ಮಾವನ ವಿಷಯ ಹೇಳಬೇಕು. ಮಾವ ಅಂದರೆ ಕಮಲತ್ತೆಯ ಗಂಡ, ಕಮಲತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಮನೆ ಹುಲೇಕಲ್. ಮಾವ ಸರ್ಕಾರಿ ಬಸ್ಸಿನ ಡ್ರೈವರು. ಇಪ್ಪತ್ತಾರು ವರ್ಷ ಶಿರಸಿ–ಕುಮಟಾ ಒಂದೇ ದಾರಿ. ಘಟ್ಟದ ಒಂದೊಂದು ತಿರುವಿಗೂ ಅವರದೇ ಹೆಸರಿತ್ತು. ಮದುವೆಯಾದ ಹೊಸತರಲ್ಲಿ ಅತ್ತೆ ಅವರ ಬಸ್ಸಲ್ಲೇ ಕೂತು ಘಟ್ಟ ಇಳಿಯುವಾಗ ವಾಂತಿ ಮಾಡಿಕೊಂಡ ಜಾಗ ‘ಕಮಲೆ ತಿರುವು’. ಕಂಡಕ್ಟರುಗಳೂ ಹಾಗೇ ಕರೆಯುತ್ತಿದ್ದರಂತೆ. ಅತ್ತೆಗೆ ಇದರಿಂದ ಸಿಟ್ಟೂ ಹೆಮ್ಮೆಯೂ ಸಮಸಮ.

ಕಳೆದ ಮಳೆಗಾಲದಲ್ಲಿ ಮಾವ ಕುಮಟಾದ ತಮ್ಮನ ಮನೆಗೆ ಹೋದವರು ಅಲ್ಲೇ ಎದೆನೋವಿನಿಂದ ತೀರಿಕೊಂಡರು. ಅದೇ ದಿನ ಗುಡ್ಡ ಜರಿದು ಘಟ್ಟದ ರಸ್ತೆ ಬಂದ್. ಸಿದ್ದಾಪುರದ ಕಡೆಯಿಂದ ಸುತ್ತಿ ಹೋಗೋಣವೆಂದರೆ ಅಲ್ಲೂ ಮಣ್ಣು, ಮರ. ಯಲ್ಲಾಪುರದ ಕಡೆಯಿಂದ ಎಂದರೆ ಅಲ್ಲಿ ಪೊಲೀಸರ ಕೈ ಅಡ್ಡ. ಮೂರು ತಾಲೂಕಿನ ಮೂರು ಬಾಗಿಲೂ ಮುಚ್ಚಿದ್ದವು. ಮೇಲಿನವರು ಇಳಿಯುವ ಹಾಗಿಲ್ಲ, ಕೆಳಗಿನವರು ಹತ್ತುವ ಹಾಗಿಲ್ಲ. ಕೆಳಗೆ ಒಂದು ದಿನ ಕಾದರು. ಕರೆಂಟಿಲ್ಲ, ಐಸಿಲ್ಲ. ಎರಡನೇ ದಿನ ತಮ್ಮನೇ ಬೆಂಕಿ ಇಟ್ಟರು.

ಹುಲೇಕಲ್‌ನ ಜಗುಲಿಯಲ್ಲಿ ಅತ್ತೆ ಅದನ್ನು ಮೊಬೈಲಿನಲ್ಲಿ ನೋಡಿದರು. ಮೊಬೈಲು ಹಿಡಿದುಕೊಂಡಿದ್ದವಳು ನಾನು. ಬೆಂಕಿ ಇಡುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ಪರದೆಯ ಮೇಲೆ ಮಾವನ ಎರಡು ಪಾದ ನಿಂತುಬಿಟ್ಟವು. ಬಹಳ ಹೊತ್ತು ಹಾಗೇ ನಿಂತಿದ್ದವು. ಮುಚ್ಚಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಅಲ್ಲಿಂದೀಚೆಗೆ ಅತ್ತೆಯದು ಒಂದೇ ಮಾತು. “ಅವು ಮನೆಗೆ ಬಂಜ್ವಿಲ್ಲೆ.” ಅವರು ಮನೆಗೆ ಬಂದಿಲ್ಲ, ಎಂದು.

ಅಳುತ್ತ ಹೇಳುತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅತ್ತೆ ಅದನ್ನು ಬಸ್ಸು ಲೇಟಾದ ದಿನಗಳಲ್ಲಿ ಹೇಳುತ್ತಿದ್ದ ಹಾಗೆಯೇ ಹೇಳುತ್ತಿದ್ದರು. ಅಸ್ಥಿ ಸಮುದ್ರಕ್ಕೆ ಬಿಟ್ಟಾಗಿತ್ತು. ಹದಿಮೂರು ದಿನದ ಕ್ರಿಯೆ ಮುಗಿದಿತ್ತು. ಫೋಟೋ ಗೋಡೆಗೆ ಏರಿತ್ತು. ಆದರೆ ಅದಕ್ಕೆ ಮಾಲೆ ಹಾಕಲು ಮಾತ್ರ ಅತ್ತೆ ಬಿಡಲಿಲ್ಲ. “ಬರದೇ ಇದ್ದವರ ಫೋಟೋಕ್ಕೆ ಎಂತ ಮಾಲೆ?”

ಮೂರು ವಾರದ ಹಿಂದೆ ನನಗೆ ಫೋನು. “ಕೂಸೆ, ಒಂದಿನ ಘಟ್ಟ ಇಳಿಸಿಕೊಡು. ಕರ್ಕಂಡು ಬರವು.”

“ಯಾರನ್ನ ಅತ್ತೆ?”

“ಗೊತ್ತಿದ್ದೂ ಎಂತಕ್ಕೆ ಕೇಳ್ತೆ?”

ಹೋದೆವು. ನಂಬಿಕೆಯಿಲ್ಲದವಳು ಯಾಕೆ ಹೋದೆ? ಪ್ರಶ್ನೆ ಸರಿಯಾಗಿದೆ. ಅತ್ತೆ ನನಗೆ ಸೈಕಲ್ ಕಲಿಸಿದವರು, ಮಾವ ಕಾರು ಕಲಿಸಿದವರು. ತರ್ಕಕ್ಕೆ ಒಂದು ದಿನ ರಜೆ ಕೊಡಲು ಇಷ್ಟು ಸಾಲದೇ?

ಕುಮಟಾದಿಂದ ಆಚೆಗಿನ ಒಂದು ಕಡಲತೀರ, ಮಾವನ ಅಸ್ಥಿ ಬಿಟ್ಟ ಜಾಗ. (ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ರೀಲ್ಸ್‌ನವರು ಹಾಜರು.) ಬೆಳಿಗ್ಗೆ ಹನ್ನೊಂದರ ಬಿಸಿಲು. ಅತ್ತೆ ಸೀರೆಯ ನಿರಿಗೆ ಎತ್ತಿಕೊಳ್ಳದೆ ಹಾಗೇ ನೀರಿಗಿಳಿದು ನಿಂತರು. ಕೈಯಲ್ಲಿ ಮಾವ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಟವೆಲ್ಲು. ಮಂತ್ರವಿಲ್ಲ, ಭಟ್ಟರಿಲ್ಲ. ಈ ವಿಧಿಯನ್ನು ಯಾರೂ ಹೇಳಿಕೊಟ್ಟದ್ದಲ್ಲ. ಸಮುದ್ರವನ್ನು ನೋಡುತ್ತ, ಬಸ್‌ಸ್ಟ್ಯಾಂಡಿನಲ್ಲಿ ನಿದ್ದೆಹೋದ ಗಂಡನನ್ನು ಎಬ್ಬಿಸುವ ದನಿಯಲ್ಲಿ ಅಂದರು:

“ಬನ್ನಿ, ಹೋಪ. ಘಟ್ಟ ತೆರದ್ದು.”

ಒಂದು ಹಿಡಿ ಮರಳು ತೆಗೆದು ಟವೆಲ್ಲಿನ ತುದಿಗೆ ಗಂಟು ಹಾಕಿದರು. ನನಗೆ ಹೇಳಿದರು, “ಸೀದಾ ಮನೆಗೆ. ಹಿಂದೆ ನೋಡಡ. ಎಲ್ಲೂ ನಿಲ್ಸಡ.”

ಎರಡು ಫರ್ಲಾಂಗು ಹೋಗಿರಲಿಕ್ಕಿಲ್ಲ. ಅತ್ತೆಯ ಹಣೆಯಲ್ಲಿ ಬೆವರು. ಬೆಳಿಗ್ಗೆ ಸಕ್ಕರೆಕಾಯಿಲೆಯ ಮಾತ್ರೆ ನುಂಗಿದ್ದರು, ತಿಂಡಿ ತಿಂದಿರಲಿಲ್ಲ. ಮಾವ ಮನೆ ಸೇರುವ ತನಕ ಉಪವಾಸವಂತೆ. ನನಗೆ ಹೇಳಿರಲಿಲ್ಲ. ಗ್ಲೂಕೋಸ್ ಬಿಸ್ಕೆಟ್ಟೂ ಕಾರಲ್ಲಿಲ್ಲ. ಏನಾದರೂ ತಿನ್ನಿಸಲೇಬೇಕು. ಎದುರಿಗೇ ಒಂದು ಬೋರ್ಡು: ‘ಮನಿಲಾ ಮೀಲ್ಸ್ – ಫಿಲಿಪಿನೋ ಊಟ’.

ಹೌದು. ನಮ್ಮ ಜಿಲ್ಲೆಯ ಕಡಲ ದಂಡೆಯಲ್ಲಿ ಫಿಲಿಪಿನೋ ಹೋಟ್ಲು. ತಗಡಿನ ಮಾಡು, ಆರು ಪ್ಲಾಸ್ಟಿಕ್ ಟೇಬಲ್ಲು, ಗಾಳಿಗೆ ಹಾರದಂತೆ ಕಲ್ಲು ಇಟ್ಟ ಮೆನು ಕಾರ್ಡು. ನಮ್ಮ ಜೇಬಿಗೆ ಒಗ್ಗುವ ರೇಟು. ಯಜಮಾನ ಪ್ರಕಾಶ, ಇದೇ ಊರಿನವ, ಹಡಗಿನಲ್ಲಿ ಅಡುಗೆಯವನಾಗಿದ್ದವ. ಹೆಂಡತಿ ಮಾರಿಸೆಲ್, ಆ ದೇಶದವಳು.

“ಸಸ್ಯಾಹಾರ ಇದೆಯಾ?” ಕೇಳಿದೆ.

“ಬೇರೆ ಬಾಣಲೆ, ಬೇರೆ ಸೌಟು, ಎಲ್ಲ ಉಂಟು. ಕೂತ್ಕಣಿ,” ಅಂದ ಪ್ರಕಾಶ. “ಹೆಂಡ್ತಿ ಮನಿಲಾದವಳಾದ್ರೆ ಎಂತಾಯ್ತು, ಆಚೆ ಮನೆ ಭಟ್ರದ್ದೇ ಅಲ್ವಾ!”

ಅಷ್ಟರಲ್ಲಿ ಮಾರಿಸೆಲ್ ಒಳಗಿಂದ ಬಂದಳು. ಐವತ್ತರ ಆಸುಪಾಸು, ಕುಳ್ಳಗೆ, ಏಪ್ರನ್ನಿನ ಮೇಲೆ ಹಿಟ್ಟಿನ ಕೈ ಗುರುತು. ಅತ್ತೆಯನ್ನು ನೋಡಿದಳು. ಹಾಗೇ ತಿರುಗಿ ಒಳಗೆ ಹೋದಳು. ಬರುವಾಗ ಕೈಯಲ್ಲಿ ಸ್ಟೀಲ್ ಬೋಗುಣಿ. ಬೆಚ್ಚನೆ ನೀರು, ಅದರಲ್ಲಿ ಬೆಂದ ಪೇರಲೆ ಎಲೆ.

“ಮೊದಲು ಕೈ ತೊಳೀರಿ, ಅಮ್ಮ,” ಅಂದಳು. “ಸತ್ತವರ ಹತ್ರದಿಂದ ಬಂದಿರಿ.”

ನಾವು ಒಂದು ಮಾತೂ ಹೇಳಿರಲಿಲ್ಲ.

ಬೆನ್ನಲ್ಲಿ ಏನೋ ಹರಿದಂತಾಯಿತು, ಒಪ್ಪಿಕೊಳ್ಳುತ್ತೇನೆ. ಆದರೆ ಅರ್ಧ ನಿಮಿಷದಲ್ಲಿ ಬಿಡಿಸಿದೆ. ಒದ್ದೆ ನಿರಿಗೆ, ಟವೆಲ್ಲಿನ ಗಂಟು, ಕಾಲಲ್ಲಿ ಮರಳು. ಅಸ್ಥಿ ಬಿಡುವ ಜಾಗಕ್ಕೂ ಬಸ್ಸು ನಿಲ್ಲುವ ಜಾಗಕ್ಕೂ ನಡುವೆ ಇರುವುದು ಇದೊಂದೇ ಹೋಟ್ಲು. ದಿನಾ ಇಂಥವರೇ ಬರುತ್ತಾರೆ. ಇದಕ್ಕೆ ದಿವ್ಯದೃಷ್ಟಿ ಬೇಕೇ?

ಪ್ರಕಾಶ ಬಿಡಿಸಿ ಹೇಳಿದ. “ಅವ್ರ ದೇಶದಲ್ಲಿ ಸಾವಿನ ಮನೆಗೆ ಹೋದವ್ರು ಸೀದಾ ತಮ್ಮ ಮನೆಗೆ ಹೋಗೂಕಾಗ. ದಾರಿಯಲ್ಲಿ ಎಲ್ಲಾದ್ರೂ ನಿಲ್ಬೇಕು. ಚಾ ಅಂಗ್ಡಿಯೋ, ಹೋಟ್ಲೋ, ಎಂತಾದ್ರೂ. ಪಗ್‌ಪಗ್ ಹೇಳ್ತಾರೆ. ಕೊಡವ್ಕೊಳ್ಳೂದು. ಸತ್ತವ್ರು ಹಿಂದೆ ಬರ್ತಾ ಇರ್ತಾರಲ್ಲ, ಅವ್ರಿಗೆ ಇಲ್ಲಿ ಗೊಂದಲ ಆಗೂದು. ಯಾರ ಹಿಂದೆ ಹೋಗ್ಬೇಕು ಹೇಳಿ ಗೊತ್ತಾಗೂದಿಲ್ಲ. ಈ ನೀರಲ್ಲಿ ಕೈ ತೊಳದ್ರೆ ಮುಗೀತು. ತೊಳದವ್ರ ಸಂಗಡ ಬರೂದಿಲ್ಲ.”

ಅತ್ತೆ ಎದ್ದು ನಿಂತರು. “ನಡಿ ಕೂಸೆ.”

ನಿಂತವರು ಹಾಗೇ ಕುಸಿದು ಕೂತರು.

ಆಗ ನಾನು ವಾದಕ್ಕಿಳಿದೆ. ಅದೊಂದೇ ನನಗೆ ಬರುವುದು. “ಅತ್ತೆ, ಅದು ಅವರ ದೇಶದ ಪದ್ಧತಿ. ಮಾವಂಗೆ ಫಿಲಿಪೈನ್ಸ್ ಕಾನೂನು ಲಾಗೂ ಆಗ್ತಾ?”

ಅತ್ತೆ ಯೋಚಿಸಿದರು. ಆಮೇಲೆ, ಎಷ್ಟೋ ತಿಂಗಳ ನಂತರ, ನಕ್ಕರು. “ಅದೂ ಹೌದು. ಇಪ್ಪತ್ತಾರು ವರ್ಷ ಘಟ್ಟ ಹೊಡದವು. ಒಂದು ಹೋಟ್ಲಿಗೆ ದಾರಿ ತಪ್ಪೋಗ್ತಾ ಅವಕ್ಕೆ?”

ಬೋಗುಣಿಯನ್ನು ಮಾತ್ರ ಬೆರಳ ತುದಿಯಿಂದ ದೂರ ಸರಿಸಿದರು. ನಾನೂ ಮುಟ್ಟಲಿಲ್ಲ. ಅತ್ತೆಯದು ನಂಬಿಕೆ, ನನ್ನದು ಅಪನಂಬಿಕೆ. ಇಬ್ಬರೂ ಒಂದೇ ಪಕ್ಷದಲ್ಲಿ ಕೂತದ್ದು ಅದೇ ಮೊದಲು.

ಊಟ ಚೆನ್ನಾಗಿತ್ತು. ತರಕಾರಿ ಹಾಕಿದ ಸಣ್ಣ ಶ್ಯಾವಿಗೆಯಂಥದ್ದು ಒಂದು. ಸಿಹಿಗುಂಬಳ, ಅಲಸಂದೆ ಕೋಡು ತೆಂಗಿನ ಹಾಲಲ್ಲಿ ಬೇಯಿಸಿದ್ದು ಒಂದು. ಬಿಸಿ ಅನ್ನ. “ಇದು ನಮ್ಮ ಕುಂಬಳಕಾಯಿ ಹುಳಿನೇಯ. ಹುಳಿ ಹಾಕಲೆ ಮರತ್ತೋಜು,” ಅಂದರು ಅತ್ತೆ. ಅಲ್ಲಿ ಚಮಚ, ಫೋರ್ಕಿನಲ್ಲಿ ಉಣ್ಣುವುದು ರೂಢಿ. ನಾನು ಹಾಗೇ ಉಂಡೆ. ಅತ್ತೆಗೆ ಎಲ್ಲಿ ಸಾಧ್ಯ? ಅನ್ನ ಕಲಸಿ ಕೈಯಲ್ಲೇ ಉಂಡರು. ಮುಖಕ್ಕೆ ಕಳೆ ಬಂತು. ನನಗೆ ಇನ್ನೊಂದು ಸಲ ಬಡಿಸಲು ಅವರೇ ಹೇಳಿದರು.

ಉಂಡವರು ಎದ್ದರು. ಹಿತ್ತಲ ಬಾಗಿಲಲ್ಲಿ ಮಾರಿಸೆಲ್ ತಂಬಿಗೆ ಹಿಡಿದು ನಿಂತಿದ್ದಳು. ಅತ್ತೆ ಬಾಳೆ ಬುಡಕ್ಕೆ ಬಗ್ಗಿ ಕೈ ಒಡ್ಡಿದರು. ಮಾರಿಸೆಲ್ ನೀರು ಬಿಟ್ಟಳು.

ಗಮನಿಸಿದಿರಾ? ನಾನಂತೂ ಗಮನಿಸಲಿಲ್ಲ. ಊಟಕ್ಕೆ ಮೊದಲು ಅಷ್ಟು ಹುಷಾರಾಗಿ ಬೋಗುಣಿ ಸರಿಸಿದವರು, ಊಟ ಆದ ಮೇಲೆ ಯಾರೋ ಸುರಿದ ನೀರಿಗೆ ಸುಮ್ಮನೆ ಕೈ ಒಡ್ಡಿದರು. ನಮ್ಮ ಜನ ಉಂಡ ಕೈಯನ್ನು ತೊಳೆಯುವುದಕ್ಕೆ ಯೋಚನೆ ಮಾಡುತ್ತಾರೆಯೇ? ಅರವತ್ತೆಂಟು ವರ್ಷದ ರೂಢಿ. ಕೈ ತಾನೇ ಮುಂದೆ ಹೋಗುತ್ತದೆ.

ಅತ್ತೆ ಕೈಯನ್ನು ಮೂಗಿನ ಹತ್ತಿರ ತಂದರು. ಅಲ್ಲೇ ನಿಂತರು. ತಂಬಿಗೆಯ ಬಾಯಲ್ಲಿ ಒಂದು ಎಲೆ ಅಂಟಿತ್ತು.

“ಈಗ ಸರಿಯಾಯ್ತು, ಅಮ್ಮ,” ಅಂದಳು ಮಾರಿಸೆಲ್. ಅವಳ ಕಣ್ಣಲ್ಲಿ ನೀರಿತ್ತು. “ಇನ್ನು ಅವರು ಬರೋದಿಲ್ಲ. ನಿಮಗೆ ನಿದ್ದೆ ಬರ್ತದೆ.”

ಒಳ್ಳೆಯ ಹೆಂಗಸು. ಒಳ್ಳೆಯದನ್ನೇ ಮಾಡಿದಳು. ಅತ್ತೆ ಕಾರಿನ ಮುಂದಿನ ಸೀಟಿಗೆ ಬಂದು ಕೂತು, ಟವೆಲ್ಲಿನ ಗಂಟು ಬಿಚ್ಚಿ, ಒದ್ದೆ ಮರಳನ್ನು ಎರಡೂ ಅಂಗೈಗೆ ಉಜ್ಜತೊಡಗಿದರು. ತೊಳೆದುಹೋದದ್ದನ್ನು ವಾಪಸು ಹಚ್ಚಿಕೊಳ್ಳುವ ಹಾಗೆ. ಆ ಸರಸರ ಸದ್ದು ಘಟ್ಟದ ಬುಡದವರೆಗೂ ಕೇಳುತ್ತಲೇ ಇತ್ತು.

ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ನಾವೂ ಮಾಡುವುದು ಅದನ್ನೇ ಅಲ್ಲವೇ? ಸುಡುಗಾಡಿನಿಂದ ಬಂದವರು ಹೊಸ್ತಿಲು ದಾಟುವ ಮೊದಲು ಸ್ನಾನ ಮಾಡುತ್ತೇವೆ. ಅಲ್ಲಿಂದ ಹೊರಡುವಾಗ ತಿರುಗಿ ನೋಡುವುದಿಲ್ಲ. ಅವರದು ಪೇರಲೆ ಎಲೆ, ನಮ್ಮದು ಬಾವಿ ನೀರು. ನಿನ್ನೆಯವರೆಗೆ ಪಕ್ಕದಲ್ಲಿ ಮಲಗಿದ್ದವರಿಗೆ ಇಂದು ಗೇಟ್ ಬಂದ್. ವರ್ಷಕ್ಕೊಂದು ದಿನ ಎಲೆ ಹಾಕಿ ಊಟಕ್ಕೆ ಕರೆಯುತ್ತೇವೆ, ಉಳಿದ ದಿನ ಬಂದರೆ ಮಂತ್ರವಾದಿಯನ್ನು ಹುಡುಕುತ್ತೇವೆ. ಇದೆಂಥ ನೆಂಟಸ್ತನ? ಜಗತ್ತಿನಲ್ಲಿ ಸತ್ತವರನ್ನು ದೂರ ಇಡಲು ಇಷ್ಟು ಉಪಾಯಗಳಿವೆ. ‘ಬನ್ನಿ’ ಅನ್ನುವವರಿಗೆ ಒಂದಾದರೂ ಇದೆಯೇ?

ಇದನ್ನೇ ಮುಂದಿನ ವಾರಕ್ಕೆ ಬರೆದರಾಯ್ತು ಎಂದು ಲೆಕ್ಕ ಹಾಕುತ್ತಿದ್ದೆ. ಘಟ್ಟ ಹತ್ತುತ್ತಿದ್ದೆವು. ಮಟಮಟ ಹಗಲು, ಎರಡು ಗಂಟೆ. ಎದುರಿಗೆ ಗಾಡಿಗಳಿಲ್ಲ. ಮರಗಳಲ್ಲಿ ಒಂದು ಹಕ್ಕಿಯ ಕೂಗೂ ಇರಲಿಲ್ಲ. ಕಮಲೆ ತಿರುವು ಬಂತು.

ಟಿಣ್. ಟಿಣ್. ಟಿಣ್.

ನನ್ನ ಕಾರು ಹೊಸ ಮಾದರಿಯದು. ಹಿಂದೆ ಕೂತವರು ಬೆಲ್ಟು ಹಾಕದಿದ್ದರೂ ಗಂಟೆ ಹೊಡೆಯುತ್ತದೆ. ಎದುರಿನ ಪರದೆಯಲ್ಲಿ ಕೆಂಪು ದೀಪ: ಹಿಂದೆ, ಎಡಗಡೆ, ಒಬ್ಬರು. ಬೆಲ್ಟಿಲ್ಲ.

ಕನ್ನಡಿಯಲ್ಲಿ ನೋಡಿದೆ. ಖಾಲಿ ಸೀಟು. ಬ್ಯಾಗಿಲ್ಲ, ಬಾಟಲಿಯಿಲ್ಲ. ಬದಿಗೆ ನಿಲ್ಲಿಸಿ, ಇಳಿದು, ಬಾಗಿಲು ತೆಗೆದು ಸೀಟನ್ನು ಕೈಯಿಂದ ತಟ್ಟಿದೆ. ಒಣಗಿತ್ತು. ಬಿಸಿಲಲ್ಲಿ ಬಂದ ಕಾರಿನ ಸೀಟು ಬೆಚ್ಚಗಿರುತ್ತದೆ. ಅದು ಬೆಚ್ಚಗಿರಲಿಲ್ಲ. (ನೆರಳಿನ ಬದಿ. ಇರಬಹುದು.)

ಟಿಣ್. ಟಿಣ್.

ಅತ್ತೆ ಮರಳು ಉಜ್ಜುವುದನ್ನು ನಿಲ್ಲಿಸಿದ್ದರು. ನಿಧಾನ ಇಳಿದು ಬಂದರು. ನನ್ನನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ಹಿಂದಿನ ಸೀಟಿನ ಬೆಲ್ಟು ಎಳೆದರು. ಅದನ್ನು ಖಾಲಿ ಜಾಗದ ಮೇಲಿಂದ ತಂದು ಸಿಕ್ಕಿಸಿದರು. ಹೊಟ್ಟೆಗೆ ಬಿಗಿಯಾಗದಂತೆ ಒಮ್ಮೆ ಸಡಿಲಿಸಿದರು.

ಸದ್ದು ನಿಂತಿತು.

“ಬಸ್ಸಿನವಕ್ಕೆ ಬೆಲ್ಟು ಹಾಕಿ ರೂಢಿ ಇಲ್ಲೆ,” ಅಂದರು. ಆ ಮುಖದ ಬೆಳಕನ್ನು ವರ್ಣಿಸಲು ನನಗೆ ಬರುವುದಿಲ್ಲ.

ಹುಲೇಕಲ್ ತಲುಪಿದಾಗ ನಾಲ್ಕು ಗಂಟೆ. ಅತ್ತೆ ಹಿಂದಿನ ಬಾಗಿಲು ತೆಗೆದರು, ಬೆಲ್ಟು ಬಿಚ್ಚಿದರು, ಬಾಗಿಲು ಹಿಡಿದುಕೊಂಡು ನಿಂತರು. ಮಂಡಿನೋವಿನವರು ಇಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ಬಾಗಿಲು ಹಾಕಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಯಾರಿಗೋ ದಾರಿ ಬಿಟ್ಟವರ ಹಾಗೆ ಬದಿಗೆ ಸರಿದು ನಡೆದು ಒಳಗೆ ಹೋದರು. ಐದು ನಿಮಿಷದಲ್ಲಿ ಫೋಟೋಕ್ಕೆ ಸೇವಂತಿಗೆ ಮಾಲೆ ಬಿತ್ತು.

ನಾನು ಶಿರಸಿಗೆ ಹೊರಟೆ. ಒಬ್ಬಳೇ. ಒಂದು ಮೈಲಿ ಬಂದಿರಬಹುದು.

ಟಿಣ್. ಟಿಣ್. ಟಿಣ್.

ಹಿಂದೆ, ಎಡಗಡೆ, ಒಬ್ಬರು.

ನಾನು ಕನ್ನಡಿ ನೋಡಲಿಲ್ಲ. ಮಾವ ನನಗೆ ಕಾರು ಕಲಿಸುವಾಗ ಕೂರುತ್ತಿದ್ದದ್ದು ಮುಂದಲ್ಲ, ಹಿಂದೆ ಎಡಕ್ಕೆ. ‘ಮುಂದೆ ಕೂತ್ರೆ ಯನ್ನ ಕಾಲೇ ಬ್ರೇಕ್ ಒತ್ತತ್ತು’ ಅನ್ನುತ್ತಿದ್ದರು. ನಿಲ್ಲಿಸಿದೆ. ಇಳಿದೆ. ಬಾಗಿಲು ತೆಗೆದೆ. ಬೆಲ್ಟು ಎಳೆದು ಸಿಕ್ಕಿಸಿದೆ. ಸದ್ದು ನಿಂತಿತು.

ಮರುದಿನವೇ ಮೆಕ್ಯಾನಿಕ್ ಹತ್ತಿರ ಹೋದೆ. ಬನವಾಸಿ ಕಡೆಯವನು, ಕೆಲಸದಲ್ಲಿ ಚುರುಕು. ಸೀಟೆಲ್ಲ ಬಿಚ್ಚಿ ನೋಡಿ, “ಸೆನ್ಸರ್ ಏನೂ ಆಗಿಲ್ರಿ ಮೇಡಂ. ಭಾರ ಬಿದ್ರಷ್ಟೇ ಹೊಡೀತದ,” ಅಂದ. ಮತ್ತೆ ನಕ್ಕು, “ಯಾರನ್ನ ಕೂಡಿಸ್ಕೊಂಡು ಹೊಂಟಿದ್ರಿ?”

ಸೀಟು ಜೋಡಿಸಿದ ಮೇಲೆ ಬೆಲ್ಟು ಮತ್ತೆ ಹಾಕಿದವಳು ನಾನೇ.

ಈಗ ವಾದಕ್ಕಾಗಿ, ಬರೀ ವಾದಕ್ಕಾಗಿ, ಮಾರಿಸೆಲ್‌ಳ ನಿಯಮ ಒಪ್ಪಿಕೊಳ್ಳೋಣ. ಆ ನೀರಲ್ಲಿ ಕೈ ತೊಳೆದವರ ಸಂಗಡ ಸತ್ತವರು ಬರುವುದಿಲ್ಲ. ಅತ್ತೆ ತೊಳೆದರು. ಹೋಟ್ಲಿನಿಂದ ಆ ಕಾರಿಗೆ ಹತ್ತಿದವರಲ್ಲಿ ತೊಳೆಯದವರು ಯಾರು? ಚಮಚದಲ್ಲಿ ಉಂಡವಳು.

ಇದನ್ನು ನಾನು ನಂಬುವುದಿಲ್ಲ. ಪುರಾವೆ ಕೊಡುವ ಹೊಣೆ ಇದೆ ಎಂದು ಹೇಳುವವರದು, ನನ್ನದಲ್ಲ. ಸೆನ್ಸರ್ ಕೆಟ್ಟಿದೆ, ಮೆಕ್ಯಾನಿಕ್‌ಗೆ ಗೊತ್ತಾಗಲಿಲ್ಲ. ವಿಷಯ ಮುಗಿಯಿತು.

ಮುಗಿಯುತ್ತಿತ್ತು, ಮೊನ್ನೆ ಅತ್ತೆಯ ಫೋನು ಬರದಿದ್ದರೆ. ಮೊದಲು ಅದೂ ಇದೂ ಮಾತು. ಆಮೇಲೆ ದನಿ ಸಣ್ಣದಾಯಿತು.

“ಮಾಲೆ ಹಾಕಿದ್ದು ಅವಸರ ಆತೇನೋ ಹೇಳಿ ಕಾಣ್ತು ಕೂಸೆ. ಮನೆ ಇನ್ನೂ ಖಾಲಿ ಖಾಲಿ ಇದ್ದು. ನೀ ಇಂಥದ್ದೆಲ್ಲ ನಂಬದಿಲ್ಲೆ. ಅದಕ್ಕೇ ನಿನ್ನತ್ರ ಕೇಳದು, ನೀ ಸುಳ್ಳು ಹೇಳದಿಲ್ಲೆ. ಆವತ್ತು ನಿನ್ನ ಕಾರಲ್ಲಿ ಎಂತೂ ಉಳಿದ್ದಿಲ್ಲೆ ಅಲ್ದ?”

ಮನೆಯ ಕಿಟಕಿಯಿಂದ ಕಾರು ಕಾಣುತ್ತಿತ್ತು. ಹಿಂದಿನ ಗಾಜಿನೊಳಗೆ ಆ ಬೆಲ್ಟು, ಓರೆಯಾಗಿ, ಒಬ್ಬರು ಕೂತಷ್ಟು ಉಬ್ಬಿ ನಿಂತಿತ್ತು.

“ಎಂತೂ ಇಲ್ಲೆ ಅತ್ತೆ,” ಅಂದೆ.

ಸೆನ್ಸರ್ ಕೆಟ್ಟಿದೆ ಎಂಬುದು ನಿಜವಾದರೆ ನಾನು ಹೇಳಿದ್ದೂ ನಿಜ. ಹಾಗಾದರೆ ಅತ್ತೆಗೆ ಸುಳ್ಳು ಹೇಳಿಬಿಟ್ಟೆ ಎಂದು ನನಗೇಕೆ ಅನ್ನಿಸುತ್ತಿದೆ?